ಸಕ್ಕರೆ ಕಾಯಿಲೆ ಇರುವ ಎಳೆಯರಲ್ಲಿ ಮೂತ್ರದ ತೊಂದರೆ: ಯಾಕೆ ಬರುತ್ತದೆ, ಏನು ಮಾಡಬೇಕು?

ನಾಲ್ಕು ವರ್ಷಕ್ಕೇ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ನಮ್ಮ ಅಕ್ಕನ ಮಗಳು ಒಂಬತ್ತನೇ ವಯಸ್ಸಿನಲ್ಲಿ ಮತ್ತೆ ಶುರು ಮಾಡಿದಳು. ಮಳೆಗಾಲ, ಚಳಿಗೆ ಹಾಗಾಗುತ್ತೆ ಅಂದರು ಅಜ್ಜಿ. ಏನನ್ನೋ ನೋಡಿ ಹೆದರಿಕೊಂಡಿರಬೇಕು ಅಂತ ದೃಷ್ಟಿಯನ್ನೂ ತೆಗೆದರು. ಶಾಲೆಗೆ ಒಯ್ಯುವ ನೀರಿನ ಬಾಟಲಿ ಮಧ್ಯಾಹ್ನದೊಳಗೆ ಮೂರು ಸಲ ಖಾಲಿಯಾಗುತ್ತಿತ್ತು. ಗಂಟೆಗೊಮ್ಮೆ "ಮಿಸ್, ಒಂದಾ" ಎಂದು ಎದ್ದು ನಿಲ್ಲುವ ಹುಡುಗಿಗೆ ತರಗತಿಯಲ್ಲಿ ಬೈಗುಳವೂ ಸಿಕ್ಕಿತು. ಕೊನೆಗೆ ಅಕ್ಕನಿಗೆ ಅನುಮಾನ ಹುಟ್ಟಿದ್ದು ಬಚ್ಚಲಿನ ಮೋರಿಯ ಬಾಯಿಗೆ ಮುತ್ತಿಕೊಂಡಿದ್ದ ಇರುವೆ ಸಾಲನ್ನು ನೋಡಿ. ಅವತ್ತು ಸಂಜೆ ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 438.

ಈಗ ಅವಳಿಗೆ 19 ವರ್ಷ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ, ಇನ್ಸುಲಿನ್ ಲೆಕ್ಕ ತಾನೇ ಹಾಕಿಕೊಳ್ಳುತ್ತಾಳೆ. ಹೋದ ವರ್ಷ ರಜೆಗೆ ಬಂದಾಗ, ಅಡುಗೆಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಕೇಳಿದಳು: "ಚಿಕ್ಕಮ್ಮ, ಶುಗರ್ ಈಗ ಪರವಾಗಿಲ್ಲ. ಆದ್ರೂ ಹೋಗಿ ಬಂದ ಮೇಲೆ ಇನ್ನೂ ಇದೆ ಅನ್ಸುತ್ತೆ. ಒಂದೊಂದ್ಸಲ ಬಾತ್‌ರೂಮ್ ತಲುಪೋದ್ರೊಳಗೇ ಸ್ವಲ್ಪ ಆಗಿಬಿಡುತ್ತೆ. ಇದನ್ನ ಡಾಕ್ಟರ್ ಹತ್ರ ಹೇಗೆ ಹೇಳೋದು?"

ಇದು ಅವಳೊಬ್ಬಳ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ ಎಂದು ತಿಳಿಯಿತು. ಅದೇ ಮಂಡಳಿ 25 ವರ್ಷದೊಳಗೆ ಈ ಕಾಯಿಲೆ ಪತ್ತೆಯಾದವರಿಗಾಗಿಯೇ 2006ರಿಂದ ಬೇರೊಂದು ದಾಖಲೆ ಇಡುತ್ತಿದೆ. ಅಂದರೆ ಇದು ಅಪ್ಪ-ಅಮ್ಮಂದಿರ ಕಾಯಿಲೆಯಾಗಿ ಮಾತ್ರ ಉಳಿದಿಲ್ಲ. ತಪಾಸಣೆಗೆ ಹೋದಾಗ ಕಣ್ಣು ನೋಡುತ್ತಾರೆ, ಪಾದ ಮುಟ್ಟಿ ನೋಡುತ್ತಾರೆ, ಕಿಡ್ನಿಗೆ ಪರೀಕ್ಷೆ ಬರೆಯುತ್ತಾರೆ. ಮೂತ್ರಕೋಶದ ಬಗ್ಗೆ ಕೇಳುವವರು ಕಡಿಮೆ, ತಾವಾಗಿ ಹೇಳುವವರು ಇನ್ನೂ ಕಡಿಮೆ.

ಹೆಸರಲ್ಲೇ ಮೂತ್ರ ಇದೆ

ಮಧುಮೇಹ ಎನ್ನುವ ಪದದಲ್ಲಿ 'ಮೇಹ' ಎಂದರೆ ಮೂತ್ರಕ್ಕೆ ಸಂಬಂಧಿಸಿದ್ದು. ಜೇನಿನಂತೆ ಸಿಹಿಯಾದ ಮೂತ್ರ ಎಂಬ ಅರ್ಥದಲ್ಲಿ ಹುಟ್ಟಿದ ಹೆಸರು. ಅಂಥ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗಮನಿಸಿದ್ದರು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1674ರಲ್ಲಿ ಮೂತ್ರದ ಈ ಸಿಹಿಯನ್ನು ಬರೆದಿಟ್ಟ. ಹಳಬರು ಈಗಲೂ 'ಸಿಹಿಮೂತ್ರ ರೋಗ' ಅನ್ನುವುದುಂಟು. ರಕ್ತ ಪರೀಕ್ಷೆ ಬರುವ ಎಷ್ಟೋ ಶತಮಾನ ಮೊದಲೇ ಈ ಕಾಯಿಲೆ ಗುರುತಾದದ್ದು ಮೂತ್ರದಿಂದ.

ಎಳೆಯರಲ್ಲಿ ಮುಖ್ಯವಾಗಿ ಎರಡು ಬಗೆ ಕಾಣುತ್ತೇವೆ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿರುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡದೆ ಬದುಕಿಲ್ಲ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಎರಡರಲ್ಲೂ ಕೊನೆಗೆ ಆಗುವುದು ಒಂದೇ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಇನ್ನೊಂದು ಪದದ ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ಮೂತ್ರಪಿಂಡ ಎಂದರೆ ಕಿಡ್ನಿ: ರಕ್ತವನ್ನು ಸೋಸಿ ಮೂತ್ರ ತಯಾರಿಸುವ ಜೋಡಿ ಅಂಗ. ಮೂತ್ರಕೋಶ ಎಂದರೆ ಆ ಮೂತ್ರವನ್ನು ತುಂಬಿಟ್ಟುಕೊಳ್ಳುವ, ಹೊಕ್ಕುಳಿಗಿಂತ ಕೆಳಗಿರುವ ಚೀಲ. "ಕಿಡ್ನಿ ರಿಪೋರ್ಟ್ ಚೆನ್ನಾಗಿದೆ" ಎಂದರೆ ಮೂತ್ರಕೋಶವೂ ಚೆನ್ನಾಗಿದೆ ಎಂದು ಅರ್ಥವಲ್ಲ.

ಮೇಲಿನ ಕೆರೆ, ಕೆಳಗಿನ ಕೆರೆ

ನಮ್ಮ ಬಯಲುಸೀಮೆಯಲ್ಲಿ ಕೆರೆಗಳು ಸಾಲಾಗಿರುತ್ತವೆ. ಮೇಲಿನ ಕೆರೆ ತುಂಬಿದರೆ ಕೋಡಿ ಬೀಳುತ್ತದೆ, ಆ ನೀರು ಹರಿದು ಕೆಳಗಿನ ಕೆರೆಗೆ ಬರುತ್ತದೆ. ಕೆಳಗಿನ ಕೆರೆಗೆ ಒಂದು ತೂಬು, ಅದನ್ನು ಎತ್ತಿ ಇಳಿಸಲು ಒಬ್ಬ ನೀರುಗಂಟಿ. ನೀರು ಎಷ್ಟಿದೆ ಎಂದು ನೋಡಿ, ಊರಿನವರು ಹೇಳಿದ ಹೊತ್ತಿಗೆ ತೂಬು ತೆಗೆಯುವುದು ಅವನ ಕೆಲಸ.

ರಕ್ತವನ್ನು ಮೇಲಿನ ಕೆರೆ ಎಂದುಕೊಳ್ಳಿ. ಕಿಡ್ನಿಗಳೇ ಕೋಡಿ. ಮೂತ್ರಕೋಶ ಕೆಳಗಿನ ಕೆರೆ. ಅದರ ಬಾಯಿಯ ಬಿಗಿಯಾದ ಸ್ನಾಯು ತೂಬು. ನೀರುಗಂಟಿಯ ಕೆಲಸ ನರಗಳದ್ದು: ಮೂತ್ರಕೋಶ ಎಷ್ಟು ತುಂಬಿದೆ ಎಂಬ ಸುದ್ದಿಯನ್ನು ಬೆನ್ನುಹುರಿಯ ಕೆಳತುದಿಗೂ ಅಲ್ಲಿಂದ ಮಿದುಳಿಗೂ ಮುಟ್ಟಿಸುವುದು, ಮಿದುಳು ಒಪ್ಪಿದಾಗ ಚೀಲವನ್ನು ಹಿಂಡಿ ಬಾಯಿ ಸಡಿಲಿಸುವುದು. ದೊಡ್ಡವರ ಮೂತ್ರಕೋಶ ಸುಮಾರು 400ರಿಂದ 600 ಮಿಲಿ ಹಿಡಿಯುತ್ತದೆ. 150-250 ಮಿಲಿ ತುಂಬಿದಾಗ ಮೊದಲ ಸುಳಿವು ಸಿಗುತ್ತದೆ, ಆಮೇಲೆ ನಿಧಾನವಾಗಿ ಒತ್ತಾಯ ಹೆಚ್ಚುತ್ತದೆ. ಮಕ್ಕಳದ್ದು ಚಿಕ್ಕದು, ವೈದ್ಯರ ಬಳಿ ಒಂದು ಸುಲಭ ಲೆಕ್ಕವಿದೆ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮಗುವಿನ ಮೂತ್ರಕೋಶ ಅಂದಾಜು ಎಷ್ಟು ಮಿಲಿ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. ಒಂಬತ್ತು ವರ್ಷದ ಮಗುವಿಗೆ 300 ಮಿಲಿ, ಅಂದರೆ ಎರಡು ಸಣ್ಣ ಲೋಟ.

ಈ ಏರ್ಪಾಟಿನಲ್ಲಿ ಸಕ್ಕರೆ ಕಾಯಿಲೆ ಮೂರು ಕಡೆ ಕೈಯಿಡುತ್ತದೆ. ಕೋಡಿಯಲ್ಲಿ ಹೆಚ್ಚು ನೀರು ಹರಿಸುತ್ತದೆ. ನಿಂತ ನೀರಿನಲ್ಲಿ ಸೋಂಕು ಬೆಳೆಯಲು ಅನುವು ಮಾಡುತ್ತದೆ. ತಡವಾಗಿ, ಸದ್ದಿಲ್ಲದೆ, ನೀರುಗಂಟಿಯನ್ನು ದುರ್ಬಲಗೊಳಿಸುತ್ತದೆ. ಹೊರಗೆ ಕಾಣುವುದು "ಪದೇಪದೇ ಹೋಗಬೇಕು" ಎಂಬ ಒಂದೇ ದೂರು. ಒಳಗಿನ ಕಾರಣ ಬೇರೆ, ಆದ್ದರಿಂದ ಮದ್ದೂ ಬೇರೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ.

ಕೋಡಿ ಬಿದ್ದಾಗ

ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಸಕ್ಕರೆ ಪ್ರಮಾಣ ಡೆಸಿಲೀಟರಿಗೆ 100 ಮಿಲಿಗ್ರಾಂ ಇರುವ ಆರೋಗ್ಯವಂತರಲ್ಲೂ ಆ ದ್ರವದ ಜೊತೆ ದಿನಕ್ಕೆ ಹತ್ತಿರಹತ್ತಿರ 180 ಗ್ರಾಂ ಸಕ್ಕರೆ ಸೋಸಿ ಬರುತ್ತದೆ. ಆದರೆ ಒಂದು ಚೂರೂ ಹೊರಹೋಗದಂತೆ ಕಿಡ್ನಿಯ ಸಣ್ಣ ಕೊಳವೆಗಳು ಅದನ್ನೆಲ್ಲ ವಾಪಸ್ ಹೀರಿಕೊಳ್ಳುತ್ತವೆ. ಈ ಹೀರುವಿಕೆಗೆ ಒಂದು ಮಿತಿ ಇದೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಕೊಳವೆಗಳ ಕೈ ಸೋಲುತ್ತದೆ, ಉಳಿದ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ. ಇದೇ ಕೋಡಿ ಬೀಳುವುದು.

ಸಕ್ಕರೆ ಒಂಟಿಯಾಗಿ ಹೋಗುವುದಿಲ್ಲ, ನೀರನ್ನು ಎಳೆದುಕೊಂಡೇ ಹೋಗುತ್ತದೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಭರಣಿಯಲ್ಲಿ ನೀರು ಬಿಟ್ಟಿರುತ್ತದಲ್ಲ, ಅದೇ ಬಗೆಯ ಸೆಳೆತ. ಹೀಗೆ ನೀರು ಹೋದಂತೆ ಬಾಯಾರಿಕೆ, ಕುಡಿದಂತೆ ಮತ್ತೆ ಮೂತ್ರ. ದಿನಕ್ಕೆ ಮೂರು ಲೀಟರ್ ಮೂತ್ರ ಎಂದಿಟ್ಟುಕೊಳ್ಳಿ, ಗಂಟೆಗೆ 125 ಮಿಲಿ ಆಯಿತು. 300 ಮಿಲಿ ಹಿಡಿಯುವ ಒಂಬತ್ತರ ಮಗುವಿನ ಮೂತ್ರಕೋಶ ಎರಡೂವರೆ ಗಂಟೆಯೊಳಗೆ ತುಂಬುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗಿದ ಮಗು ಬೆಳಿಗ್ಗೆ ಆರರೊಳಗೆ ಮೂರು ಸಲ ಎದ್ದು ಹೋಗಬೇಕು. ಗಾಢ ನಿದ್ದೆಯಲ್ಲಿ ಒಂದು ಸಲ ಏಳದಿದ್ದರೆ ಹಾಸಿಗೆ ಒದ್ದೆ. ಅದರಲ್ಲಿ ಮಗುವಿನ ತಪ್ಪು ಎಲ್ಲಿದೆ?

ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದರೆ, ಜೊತೆಗೆ ವಿಪರೀತ ಬಾಯಾರಿಕೆ, ತೂಕ ಇಳಿಯುವುದು, ಸುಸ್ತು ಇದ್ದರೆ, ಅದೇ ದಿನ ರಕ್ತದ ಸಕ್ಕರೆ ನೋಡಿಸಬೇಕು. ನಾಳೆಗೆ ಬಿಡಬಾರದು. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು ಇವು ಕಂಡರೆ ರಕ್ತ ಆಮ್ಲೀಯವಾಗುತ್ತಿದೆ ಎಂದರ್ಥ. ಕೀಟೋಅಸಿಡೋಸಿಸ್ ಎನ್ನುವ ಈ ಸ್ಥಿತಿ ಜೀವಕ್ಕೆ ಅಪಾಯ, ನೇರ ಆಸ್ಪತ್ರೆಗೆ ಓಡಬೇಕು.

ಆಗಲೇ ಕಾಯಿಲೆ ಪತ್ತೆಯಾಗಿ ಚಿಕಿತ್ಸೆಯಲ್ಲಿರುವವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ರಾತ್ರಿ ಎರಡು-ಮೂರು ಸಲ ಏಳುತ್ತಿದ್ದರೆ ನಡುರಾತ್ರಿ ಎರಡು ಅಥವಾ ಮೂರು ಗಂಟೆಯ ಹೊತ್ತಿಗೆ ಒಂದು ಸಲ ಬೆರಳು ಚುಚ್ಚಿ ನೋಡಿ, ತೋಳಿಗೆ ಅಂಟಿಸುವ ಸೆನ್ಸರ್ ಇದ್ದರೆ ಅದರ ರಾತ್ರಿಯ ಗೆರೆ ನೋಡಿ. 180ರ ಮೇಲೇ ಓಡುತ್ತಿದ್ದರೆ ಸಮಸ್ಯೆ ಮೂತ್ರಕೋಶದ್ದಲ್ಲ, ಕೋಡಿಯದು. ಇನ್ಸುಲಿನ್ ಪ್ರಮಾಣ ಸರಿಮಾಡಿದರೆ ನಿಲ್ಲುತ್ತದೆ. ಸಕ್ಕರೆ ಬಹುಪಾಲು ಹೊತ್ತು 70ರಿಂದ 180ರ ನಡುವೆ ಇರಲಿ ಎಂದು ವೈದ್ಯರು ಹೇಳುವುದನ್ನು ಕೇಳಿರುತ್ತೀರಿ. ಆ ಮೇಲಿನ ಗಡಿಯೂ ಕೋಡಿಯ ಮಟ್ಟವೂ ಹೆಚ್ಚುಕಡಿಮೆ ಒಂದೇ ಎಂಬುದು ನೆನಪಿಟ್ಟುಕೊಳ್ಳಲು ಅನುಕೂಲ.

ಒಂದು ತಪ್ಪು ಮಾತ್ರ ಯಾರೂ ಮಾಡಬಾರದು. ಹಾಸಿಗೆ ಒದ್ದೆಯಾಗುತ್ತದೆಂದು ನೀರು ಕುಡಿಯುವುದನ್ನು ತಡೆಯಬಾರದು. ಸಕ್ಕರೆ ಏರಿರುವಾಗ ನೀರು ನಿಲ್ಲಿಸಿದರೂ ಮೂತ್ರ ನಿಲ್ಲುವುದಿಲ್ಲ, ದೇಹ ಒಣಗುತ್ತದೆ ಅಷ್ಟೇ.

ಉರಿಮೂತ್ರ ಎಂದರೆ ಬರೀ 'ಉಷ್ಣ' ಅಲ್ಲ

ಮೂತ್ರ ಉರಿದರೆ ನಮ್ಮಲ್ಲಿ ಮೊದಲ ಮಾತು "ಉಷ್ಣ ಆಗಿದೆ". ಎಳನೀರು, ಬಾರ್ಲಿ ನೀರು, ನೆನೆಸಿದ ಕಾಮಕಸ್ತೂರಿ ಬೀಜ ಎಲ್ಲ ಸಾಲಾಗಿ ಬರುತ್ತವೆ. ನೀರು ಕಡಿಮೆ ಕುಡಿದು ಮೂತ್ರ ಗಟ್ಟಿಯಾಗಿ ಉರಿಯುತ್ತಿದ್ದರೆ ಇವುಗಳಿಂದ ಹಾಯೆನಿಸುವುದು ನಿಜ, ನೀರಿನಂಶ ಸೇರಿತಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಉರಿಯ ಹಿಂದೆ ಸೋಂಕು ಇರುವ ಸಾಧ್ಯತೆ ಹೆಚ್ಚು. ಮನೆಮದ್ದಿನಲ್ಲಿ ಮೂರು ದಿನ ಕಳೆದರೆ ಆ ಮೂರು ದಿನ ರೋಗಾಣುವಿಗೆ ಸಿಕ್ಕಂತೆ. ಎಳನೀರಿನಲ್ಲೂ ಸಕ್ಕರೆ ಇದೆ, ಬಾರ್ಲಿಯಲ್ಲೂ ಪಿಷ್ಟ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೋಂಕು ಹೆಚ್ಚಲು ಒಂದಲ್ಲ, ಹಲವು ಕಾರಣ. ಸಕ್ಕರೆ ಏರಿದಾಗ ಸೋಂಕಿನ ವಿರುದ್ಧ ಕಾದಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಮೂತ್ರದಲ್ಲಿ ಸಕ್ಕರೆ ಇದ್ದರೆ ರೋಗಾಣುವಿಗೆ ಆಹಾರ. ಮೂತ್ರಕೋಶ ಪೂರ್ತಿ ಖಾಲಿಯಾಗದಿದ್ದರೆ ಉಳಿದ ಮೂತ್ರ ಹೊಂಡದ ನೀರಿನಂತೆ ನಿಲ್ಲುತ್ತದೆ. ಹೆಚ್ಚಿನ ಸೋಂಕಿಗೆ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ, ಅದು ನಮ್ಮ ಕರುಳಿನಲ್ಲೇ ಇರುವಂಥದ್ದು. ಹೆಣ್ಣುಮಕ್ಕಳಲ್ಲಿ ಮೂತ್ರಕೋಶದಿಂದ ಹೊರಬರುವ ನಾಳ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ಹೆಣ್ಣುಮಕ್ಕಳಿಗೆ ಸೋಂಕು ಸುಲಭವಾಗಿ ತಗಲುವುದಕ್ಕೆ ಈ ಅಳತೆಯೇ ದೊಡ್ಡ ಕಾರಣ. ಶುಚಿಯಿಲ್ಲ ಎಂದು ಹುಡುಗಿಯರನ್ನು ಅನ್ನುವುದು ಅನ್ಯಾಯ. ತೊಳೆದುಕೊಳ್ಳುವಾಗ ಮುಂದಿನಿಂದ ಹಿಂದಕ್ಕೆ ತೊಳೆಯುವುದು ಒಳ್ಳೆಯ ಅಭ್ಯಾಸ, ಅಷ್ಟೇ.

ಉರಿ, ಪದೇಪದೇ ಸ್ವಲ್ಪಸ್ವಲ್ಪವೇ ಆಗುವುದು, ಕಿಬ್ಬೊಟ್ಟೆ ನೋವು, ಕದಡಿದ ಅಥವಾ ರಕ್ತ ಬೆರೆತ ಮೂತ್ರ ಇವು ಸೋಂಕು ಮೂತ್ರಕೋಶದಲ್ಲಿದೆ ಎನ್ನುವ ಲಕ್ಷಣಗಳು. ನಡುಗಿಸುವ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ಒಂದು ಬದಿ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಬೇಗ ಉಲ್ಬಣಿಸಬಹುದು. ಅಪರೂಪಕ್ಕೆ ರೋಗಾಣುಗಳು ಕಿಡ್ನಿಯೊಳಗೇ ಅನಿಲ ಉಂಟುಮಾಡುವಷ್ಟು ಕೆಡುತ್ತದೆ. ಮತ್ತೊಂದು ಕಡೆಯಿಂದ, ಸೋಂಕೇ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಯಾಕೆಂದು ತಿಳಿಯದೆ ಎರಡು ದಿನದಿಂದ ಸಕ್ಕರೆ ಇಳಿಯುತ್ತಿಲ್ಲವಾದರೆ ಮೂತ್ರವನ್ನೂ ಪರೀಕ್ಷಿಸುವುದು ಇದಕ್ಕೇ.

ಹೋದ ಸಲದ ಮಾತ್ರೆ ಪಟ್ಟಿಯಲ್ಲಿ ಉಳಿದದ್ದನ್ನೋ, ಮೆಡಿಕಲ್ ಶಾಪಿನವರು ಕೊಟ್ಟ ಎರಡು ದಿನದ ಗುಳಿಗೆಯನ್ನೋ ನುಂಗುವುದು ಬೇಡ. ಮೊದಲು ಮೂತ್ರದ ಕಲ್ಚರ್ ಪರೀಕ್ಷೆಗೆ ಕೊಟ್ಟು, ಆಮೇಲೆ ವೈದ್ಯರು ಹೇಳಿದ ಔಷಧಿ ಶುರುಮಾಡಬೇಕು. ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಎಂದು ಆ ಪರೀಕ್ಷೆ ಎರಡು-ಮೂರು ದಿನದಲ್ಲಿ ತಿಳಿಸುತ್ತದೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಡಬ್ಬಿಗೆ ಹಿಡಿಯಬೇಕು, ಇಲ್ಲವಾದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿ ಫಲಿತಾಂಶ ದಾರಿತಪ್ಪುತ್ತದೆ. ಇನ್ನೊಂದು ಸಂಗತಿ ಹಲವರಿಗೆ ಆಶ್ಚರ್ಯ ತರುತ್ತದೆ: ಯಾವ ತೊಂದರೆಯೂ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ, ಗರ್ಭಿಣಿಯರಂಥ ಕೆಲವರನ್ನು ಬಿಟ್ಟು, ಸಾಮಾನ್ಯವಾಗಿ ಔಷಧಿ ಬೇಕಾಗುವುದಿಲ್ಲ.

ಸೋಂಕಿನ ಜೊತೆಗೇ ಹೇಳಬೇಕಾದದ್ದು ಬೂಷ್ಟಿನ ತೊಂದರೆ. ಜನನಾಂಗದ ಸುತ್ತ ತುರಿಕೆ, ಕೆಂಪಾಗುವುದು, ಮೊಸರಿನಂಥ ಬಿಳಿ ಸ್ರಾವ, ಹುಡುಗರಲ್ಲಿ ಮುಂದೊಗಲು ಸೀಳಿ ಬಿಗಿಯಾಗುವುದು ಇವೆಲ್ಲ ಮೂತ್ರದ ಸಕ್ಕರೆಯಿಂದ ಬೆಳೆಯುವ ಕ್ಯಾಂಡಿಡಾ ಬೂಷ್ಟಿನ ಕೆಲಸ. ಇದೇ ತೊಂದರೆಗೆಂದು ಡಾಕ್ಟರ ಬಳಿ ಹೋದ ಎಷ್ಟೋ ಯುವಕರಿಗೆ ತಮಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿದ್ದೇ ಆವಾಗ.

ಮೂತ್ರದಲ್ಲಿ ಸಕ್ಕರೆ ಬಿಡುವ ಮಾತ್ರೆಗಳು

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಈಗ ನಮ್ಮಲ್ಲಿ ಸಾಕಷ್ಟು ಬಳಕೆಯಲ್ಲಿವೆ. ಅಮೆರಿಕದಲ್ಲಿ 2023ರಿಂದ ಟೈಪ್ 2 ಇರುವ ಹತ್ತು ವರ್ಷದ ಮಕ್ಕಳಿಗೂ ಎಂಪಾಗ್ಲಿಫ್ಲೋಜಿನ್‌ಗೆ ಒಪ್ಪಿಗೆ ಸಿಕ್ಕಿದೆ. ಇವು ಮಾಡುವುದು ಒಂದೇ ಕೆಲಸ, ಕೋಡಿಯ ಮಟ್ಟವನ್ನು ಬೇಕೆಂದೇ ತಗ್ಗಿಸುವುದು. ದಿನಕ್ಕೆ ಹಲವು ಹತ್ತು ಗ್ರಾಂ ಸಕ್ಕರೆ ಮೂತ್ರದಲ್ಲಿ ಹೊರಹೋಗುತ್ತದೆ. ಹೃದಯಕ್ಕೂ ಕಿಡ್ನಿಗೂ ಇವುಗಳಿಂದ ಒಳ್ಳೆಯದಾಗುತ್ತದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಆದರೆ ಈ ಮಾತ್ರೆ ನುಂಗುವವರಿಗೆ ಮೂತ್ರ ಜಾಸ್ತಿ, ಬೂಷ್ಟಿನ ತುರಿಕೆಯೂ ಜಾಸ್ತಿ. ರಕ್ತದ ಸಕ್ಕರೆ ಸರಿಯಿದ್ದರೂ ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ತುಂಬಾ ಇದೆ ಎಂದು ಬರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಟೈಪ್ 1 ಇರುವವರಲ್ಲಿ ಇವು ಕೀಟೋಅಸಿಡೋಸಿಸ್ ಅಪಾಯವನ್ನು ಹೆಚ್ಚಿಸುತ್ತವೆ, ಹಾಗಾಗಿ ಮನೆಯಲ್ಲಿ ಬೇರೆಯವರದ್ದು ಇದೆಯಲ್ಲ ಎಂದು ತೆಗೆದುಕೊಳ್ಳಲೇಬಾರದು. ಹೊಸದಾಗಿ ಮೂತ್ರದ ತೊಂದರೆ ಶುರುವಾಗಿದ್ದರೆ, ಇಂಥ ಮಾತ್ರೆ ಯಾವಾಗಿನಿಂದ ನುಂಗುತ್ತಿದ್ದೀರಿ ಎಂಬುದನ್ನು ಡಾಕ್ಟರಿಗೆ ಹೇಳಿ.

ನೀರುಗಂಟಿ ಸೋತಾಗ

ಈಗ ಅಕ್ಕನ ಮಗಳ ಪ್ರಶ್ನೆಗೆ ಬರೋಣ. ಸಕ್ಕರೆ ಹತೋಟಿಯಲ್ಲಿದೆ, ಸೋಂಕಿಲ್ಲ, ಆದರೂ ತೊಂದರೆ ಇದೆ. ಆಗ ನೋಡಬೇಕಾದ್ದು ಮೂತ್ರಕೋಶದ ಸ್ನಾಯು ಮತ್ತು ಅದರ ನರ.

ಡೆನ್ಮಾರ್ಕಿನ ವೈದ್ಯ ಫ್ರಿಮೊಟ್-ಮೊಲ್ಲರ್ 1970ರ ದಶಕದಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಆಗ ಕಂಡದ್ದು ಹಿಗ್ಗಿದ, ಜಡವಾದ ಮೂತ್ರಕೋಶ: ತುಂಬಿದ್ದು ಗೊತ್ತಾಗುವುದಿಲ್ಲ, ಹಿಂಡುವ ಶಕ್ತಿ ಕಡಿಮೆ, ಹೋಗಿ ಬಂದ ಮೇಲೂ ಮೂತ್ರ ಉಳಿಯುತ್ತದೆ. ಆಮೇಲಿನ ಸಂಶೋಧನೆ ಈ ಚಿತ್ರಕ್ಕೆ ಮುಂಚಿನ ಒಂದು ಅಧ್ಯಾಯವನ್ನು ಸೇರಿಸಿತು. ಕಾಯಿಲೆಯ ಮೊದಲ ವರ್ಷಗಳಲ್ಲಿ ಮೂತ್ರಕೋಶ ಜಡವಾಗಿರುವುದಿಲ್ಲ, ತದ್ವಿರುದ್ಧವಾಗಿ ಅತಿ ಚುರುಕಾಗಿರುತ್ತದೆ. ಇನ್ನೂ ತುಂಬುವ ಮೊದಲೇ ಹಿಂಡತೊಡಗುತ್ತದೆ. ಅದಕ್ಕೇ ಏಕಾಏಕಿ ತಡೆಯಲಾಗದ ಅವಸರ, ದಾರಿಯಲ್ಲೇ ಸ್ವಲ್ಪ ಆಗಿಬಿಡುವುದು. ವರ್ಷಗಟ್ಟಲೆ ಹೀಗೆ ದುಡಿದ ಸ್ನಾಯು ಕೊನೆಗೆ ದಣಿದು ಸಡಿಲವಾಗುತ್ತದೆ.

ಇದಕ್ಕೆ ಅರ್ಧ ಕಾರಣ ಬರೀ ನೀರಿನ ಹೊರೆ. ಸಕ್ಕರೆ ಕಾಯಿಲೆ ಇಲ್ಲದ ಇಲಿಗಳಿಗೆ ಸಕ್ಕರೆ ನೀರು ಕುಡಿಸಿ, ಹೆಚ್ಚು ಮೂತ್ರ ಬರುವಂತೆ ಮಾಡಿ ನೋಡಿದಾಗ ಅವುಗಳ ಮೂತ್ರಕೋಶವೂ ದಪ್ಪವಾಗಿ ಹಿಗ್ಗಿತು. ದಿನವೂ ಮೂಟೆ ಹೊತ್ತರೆ ರಟ್ಟೆ ಊದುತ್ತದಲ್ಲ, ಹಾಗೆ. ಉಳಿದರ್ಧ ಸಕ್ಕರೆಯದೇ ಹಾನಿ. ನರಗಳಿಗೆ ರಕ್ತ ಒಯ್ಯುವ ಕೂದಲೆಳೆಗಿಂತ ಸಣ್ಣ ನಾಳಗಳು ಕೆಡುತ್ತವೆ, ನರದೊಳಗೆ ಸಕ್ಕರೆಯಿಂದ ಹುಟ್ಟಿದ ವಸ್ತುಗಳು ಸೇರಿ ಅದನ್ನು ಸವೆಸುತ್ತವೆ. ಪಾದ ಜೋಮು ಹಿಡಿಯುವುದಕ್ಕೆ ಕಾರಣವಾದ ನರದೋಷದ ಒಳಗಿನ ರೂಪ ಇದು. ನಿಂತ ಕೂಡಲೇ ತಲೆ ಸುತ್ತುವುದು, ಉಂಡದ್ದು ಬಹಳ ಹೊತ್ತು ಹೊಟ್ಟೆಯಲ್ಲೇ ಉಳಿಯುವುದು, ಯುವಕರಲ್ಲಿ ನಿಮಿರು ದೌರ್ಬಲ್ಯ ಇವೆಲ್ಲ ಅದರ ಒಡಹುಟ್ಟಿದವು. ಒಂದು ಕಂಡರೆ ಉಳಿದವನ್ನೂ ಕೇಳಬೇಕು.

ಪೂರ್ತಿ ಸೋತ ಮೂತ್ರಕೋಶ ಹದಿಹರೆಯದಲ್ಲಿ ಅಪರೂಪ. ಅದಕ್ಕೆ ಸಾಮಾನ್ಯವಾಗಿ ಬಹಳ ವರ್ಷ ಬೇಕು. ಆದರೆ ಎಂಟನೇ ವಯಸ್ಸಿಗೆ ಕಾಯಿಲೆ ಬಂದವರಿಗೆ ಇಪ್ಪತ್ತೆರಡಕ್ಕೆ ಹದಿನಾಲ್ಕು ವರ್ಷ ಆಗಿರುತ್ತದೆ. ವಯಸ್ಸು ಎಳೆಯದು, ಕಾಯಿಲೆ ಹಳೆಯದು.

ಕಷ್ಟವೆಂದರೆ, ಈ ಹಂತದ ಲಕ್ಷಣ ಸಮಾಧಾನದಂತೆ ಕಾಣುತ್ತದೆ. "ಮೊದಲೆಲ್ಲ ಗಂಟೆಗೊಮ್ಮೆ ಹೋಗ್ತಿದ್ದೆ, ಈಗ ದಿನಕ್ಕೆ ಎರಡೇ ಸಲ ಸಾಕು" ಎನ್ನುವುದು ಒಳ್ಳೆಯ ಸುದ್ದಿಯೇ ಆಗಿರಬೇಕೆಂದಿಲ್ಲ. ಧಾರೆ ಸಣ್ಣಗಾಗುವುದು, ನಿಂತುನಿಂತು ಬರುವುದು, ತಿಣುಕಿದರೇ ಬರುವುದು, ಮುಗಿಸಿ ಎದ್ದ ಮೇಲೂ ಹನಿಯುವುದು ಇವನ್ನು ಗಮನಿಸಬೇಕು.

ಸಕ್ಕರೆಯ ಹತೋಟಿ ಇಲ್ಲಿ ಎಷ್ಟು ಕಾಯುತ್ತದೆ? ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ, ಟೈಪ್ 1 ಇರುವ 13ರಿಂದ 39 ವರ್ಷದ 1,441 ಮಂದಿಯ ಮೇಲೆ ನಡೆದ ಅಧ್ಯಯನವೊಂದು ಪ್ರಸಿದ್ಧ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸುಮಾರು 7ರಲ್ಲಿ ಇದ್ದವರಿಗೆ, 9ರಲ್ಲಿ ಇದ್ದವರಿಗಿಂತ ನರದೋಷ ಶೇ 60ರಷ್ಟು ಕಡಿಮೆ ಬಂತು. ಅದೇ ಜನರನ್ನು ದಶಕಗಳ ಕಾಲ ಹಿಂಬಾಲಿಸಿ ಮೂತ್ರದ ತೊಂದರೆಗಳನ್ನೂ ಕೇಳಿದರು. ಸಕ್ಕರೆ ಹೆಚ್ಚಿದ್ದ ಹೆಂಗಸರಲ್ಲಿ ಸೋಂಕು, ಮೂತ್ರ ಸೋರುವುದು ಹೆಚ್ಚು ಕಂಡವು. ಗಂಡಸರಲ್ಲಿ ಅಷ್ಟು ನೇರವಾದ ನಂಟು ಸಿಗಲಿಲ್ಲ. ಹಾಗಾಗಿ ಹತೋಟಿ ದೊಡ್ಡ ರಕ್ಷೆ ಹೌದು, ಆದರೆ ತೊಂದರೆ ಬಂದವರೆಲ್ಲ ಪಥ್ಯ ಮಾಡದವರು ಎಂದು ದೂರಲು ಆಧಾರವಿಲ್ಲ.

ತಡೆದುಕೊಳ್ಳುವ ಅಭ್ಯಾಸ

ಇದಕ್ಕೆಲ್ಲ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಶಾಲೆ, ಕಾಲೇಜು, ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಲಾಗದೆ ಹುಡುಗಿಯರು ಬೆಳಿಗ್ಗೆಯಿಂದ ನೀರನ್ನೇ ಕುಡಿಯದೆ, ಸಂಜೆವರೆಗೆ ತಡೆದುಕೊಂಡು ಬರುತ್ತಾರೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಹೆಸರಾಗಿ ಕರ್ನಾಟಕಕ್ಕೂ ಬಂದ ನೀರು ಕುಡಿಯುವ ಗಂಟೆಯ ಏರ್ಪಾಟು ಒಳ್ಳೆಯದೇ. ಗಂಟೆ ಹೊಡೆದಾಗ ಕುಡಿದ ಮಗುವಿಗೆ ಹೋಗಲು ಜಾಗವೂ ಬೇಕು. ದಿನವೂ ಹಿಗ್ಗಿಸಿದ ಮೂತ್ರಕೋಶ ಹಿಗ್ಗುವುದಕ್ಕೇ ಒಗ್ಗಿಕೊಳ್ಳುತ್ತದೆ. ಮಲಬದ್ಧತೆ ಇದ್ದರೆ ತುಂಬಿದ ಕರುಳು ಮೂತ್ರಕೋಶವನ್ನು ಹಿಂದಿನಿಂದ ಒತ್ತುತ್ತದೆ. ಮಕ್ಕಳಲ್ಲಿ ಮಲಬದ್ಧತೆ ಸರಿಯಾದ ಮೇಲೆ ಮೂತ್ರದ ತೊಂದರೆಯೂ ಅರ್ಧ ಇಳಿಯುವುದುಂಟು. ಟೈಪ್ 1 ಇರುವ ಮಗುವಿನ ಹೆತ್ತವರು ವರ್ಷದ ಮೊದಲ ದಿನವೇ ಕ್ಲಾಸ್ ಟೀಚರಿಗೆ ಒಂದು ಚೀಟಿ ಬರೆದುಕೊಡಬಹುದು: ನೀರಿಗೂ ಶೌಚಕ್ಕೂ ಕೇಳಿದಾಗಲೆಲ್ಲ ಬಿಡಿ, ಎಂದಿಗಿಂತ ಹೆಚ್ಚು ಸಲ ಕೇಳಿದರೆ ನಮಗೆ ಫೋನ್ ಮಾಡಿ.

ಏನೇನು ಪರೀಕ್ಷೆ?

ಹೆದರುವಂಥದ್ದು ಏನಿಲ್ಲ. ಮೂತ್ರ ಪರೀಕ್ಷೆ, ಬೇಕಾದರೆ ಕಲ್ಚರ್. ರಕ್ತದ ಸಕ್ಕರೆ, ಎಚ್‌ಬಿಎ1ಸಿ. ಮೂತ್ರ ಮಾಡುವ ಮುಂಚೆ ಒಮ್ಮೆ, ಮಾಡಿದ ಮೇಲೆ ಒಮ್ಮೆ ಹೊಟ್ಟೆಯ ಸ್ಕ್ಯಾನ್. ಎಷ್ಟು ಉಳಿದಿದೆ ಎಂದು ಇದರಲ್ಲಿ ಕಾಣುತ್ತದೆ. ಧಾರೆಯ ವೇಗ ಅಳೆಯಲು ಯಂತ್ರಕ್ಕೆ ಜೋಡಿಸಿದ ಕೊಳಗದಂಥ ಪಾತ್ರೆಯಲ್ಲಿ ಮೂತ್ರ ಮಾಡಿಸುತ್ತಾರೆ, ಚುಚ್ಚುವುದಿಲ್ಲ. ಸಣ್ಣ ನಳಿಕೆ ಹಾಕಿ ಒತ್ತಡ ಅಳೆಯುವ ದೊಡ್ಡ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ.

ಇವೆಲ್ಲಕ್ಕೂ ಮುಂಚೆ, ಖರ್ಚಿಲ್ಲದೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಗುರುತು ಹಾಕಿದ ಪ್ಲಾಸ್ಟಿಕ್ ಅಳತೆ ಲೋಟ, ಒಂದು ನೋಟ್‌ಬುಕ್, ಮೂರು ದಿನ. ಎಷ್ಟು ಗಂಟೆಗೆ ಹೋದಿರಿ, ಎಷ್ಟು ಮಿಲಿ, ಏನು ಎಷ್ಟು ಕುಡಿದಿರಿ, ಆಗ ಸಕ್ಕರೆ ಎಷ್ಟಿತ್ತು, ತಡೆಯಲಾಗದ ಅವಸರ ಇತ್ತೇ, ಸೋರಿತೇ. ಬಾಯಲ್ಲಿ ಹೇಳಲು ನಾಚಿಕೆಯಾದವರಿಗೆ ಇದು ಇನ್ನೂ ಅನುಕೂಲ. ಪುಸ್ತಕ ಮುಂದಿಟ್ಟರೆ ಸಾಕು. ಪ್ರತಿ ಸಲವೂ 300 ಮಿಲಿ, ಸಕ್ಕರೆ 250 ಎಂದಿದ್ದರೆ ಅದು ಕೋಡಿ. ಪ್ರತಿ ಸಲವೂ 60-70 ಮಿಲಿ, ಸಕ್ಕರೆ ಸರಿ ಎಂದಿದ್ದರೆ ಸೋಂಕು ಅಥವಾ ಅತಿ ಚುರುಕಾದ ಮೂತ್ರಕೋಶ. ಗಂಟೆಗಟ್ಟಲೆ ಏನೂ ಇಲ್ಲದೆ ಒಮ್ಮೆಗೇ 700 ಎಂದಿದ್ದರೆ ನೀರುಗಂಟಿಯ ಕಡೆ ನೋಡಬೇಕು.

ಚಿಕಿತ್ಸೆ

ಸಕ್ಕರೆ ಸರಿಮಾಡುವುದು, ಸೋಂಕಿಗೆ ಸರಿಯಾದ ಔಷಧಿ ಎರಡೂ ಆಗಲೇ ಬಂದವು. ಮೂತ್ರಕೋಶವೇ ತೊಂದರೆಯಲ್ಲಿದ್ದರೆ ಮೊದಲ ಹೆಜ್ಜೆ ಔಷಧಿಯಲ್ಲ, ಗಡಿಯಾರ. ಅನಿಸಿದಾಗ ಹೋಗುವುದಲ್ಲ, ಮೂರು-ನಾಲ್ಕು ಗಂಟೆಗೊಮ್ಮೆ ಅನಿಸದಿದ್ದರೂ ಹೋಗುವುದು. ಸುದ್ದಿ ತರುವ ನರ ಮಂಕಾದಾಗ ಆ ಕೆಲಸವನ್ನು ಗಡಿಯಾರಕ್ಕೆ ವಹಿಸಿದಂತೆ. ಎರಡನೆಯದು, ಒಮ್ಮೆ ಮುಗಿಸಿ ಎರಡು-ಮೂರು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸುವುದು, ಉಳಿದದ್ದು ಹೊರಬರುತ್ತದೆ. ಅವಸರವಾಗಿ ಸೋರುವವರಿಗೆ ಕೆಳಹೊಟ್ಟೆಯ ತಳದ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ. ಅತಿ ಚುರುಕನ್ನು ತಗ್ಗಿಸುವ ಮಾತ್ರೆಗಳೂ ಇವೆ. ಆದರೆ ಅವುಗಳಲ್ಲಿ ಕೆಲವು ಸ್ನಾಯುವನ್ನು ಸಡಿಲಿಸುವುದರಿಂದ, ಎಷ್ಟು ಮೂತ್ರ ಉಳಿಯುತ್ತಿದೆ ಎಂದು ನೋಡದೆ ಕೊಟ್ಟರೆ ಇನ್ನಷ್ಟು ಉಳಿಯಬಹುದು.

ಮೂತ್ರಕೋಶ ಪೂರ್ತಿ ಸೋತವರು ದಿನಕ್ಕೆ ಕೆಲವು ಸಲ ತಾವೇ ತೆಳುವಾದ ನಳಿಕೆ ಹಾಕಿ ಖಾಲಿಮಾಡಿಕೊಳ್ಳಬೇಕಾಗುತ್ತದೆ. ಕೇಳಲು ಭಯವೆನಿಸಿದರೂ 1972ರಲ್ಲಿ ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡಸ್ ಈ ವಿಧಾನವನ್ನು ಬಳಕೆಗೆ ತಂದಾಗಿನಿಂದ ಲಕ್ಷಾಂತರ ಜನರ ಕಿಡ್ನಿ ಉಳಿಸಿದೆ. ಶಾಲೆಗೆ ಹೋಗುವ ಮಕ್ಕಳೂ ಇದನ್ನು ಕಲಿಯುತ್ತಾರೆ.

ಅಕ್ಕನ ಮಗಳು ಮೂರು ದಿನ ಬರೆದ ನೋಟ್‌ಬುಕ್ಕನ್ನು ಡಾಕ್ಟರಮ್ಮನ ಮುಂದಿಟ್ಟಾಗ ನಾನೂ ಜೊತೆಗಿದ್ದೆ. ಎರಡನೇ ದಿನದ ಪುಟದಲ್ಲಿ ಬೆಳಿಗ್ಗೆ 8.40ರ ನಂತರ ಸಂಜೆ 5.20ರವರೆಗೆ ಒಂದು ಸಾಲೂ ಇರಲಿಲ್ಲ. 5.20ಕ್ಕೆ 720 ಮಿಲಿ. "ಇಷ್ಟು ಹೊತ್ತು ಎಲ್ಲಿದ್ದೆಯಮ್ಮ?" ಅಂದರು ಅವರು. "ಕಾಲೇಜಲ್ಲಿ" ಅಂದಳು. ಸ್ಕ್ಯಾನಿನಲ್ಲಿ ಹೋಗಿ ಬಂದ ಮೇಲೂ 160 ಮಿಲಿ ಉಳಿದಿತ್ತು. ಮಾತ್ರೆ ಬರೆಯಲಿಲ್ಲ; ಗಡಿಯಾರ ಹಿಡಿದು ಹೋಗುವುದು, ಎರಡೆರಡು ಸಲ ಪ್ರಯತ್ನಿಸುವುದು ಇಷ್ಟೇ ಹೇಳಿದರು. ಮೂರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಉಳಿದದ್ದು 45. ಈಗ ಅವಳ ಫೋನಿನಲ್ಲಿ ದಿನಕ್ಕೆ ನಾಲ್ಕು ಅಲಾರಂ ಹೊಡೆಯುತ್ತವೆ. ಕೊನೆಯದು ಹಾಸ್ಟೆಲಿಗೆ ಹೋಗುವ ಬಸ್ ಹತ್ತುವ ಹತ್ತು ನಿಮಿಷ ಮೊದಲು.